ಕ್ಲಾರಾಳ ಉಡಿ

"ಇದು ಕ್ಲಾರಾಗ, ಇದು ಲೇನಾಗ. ಈ ಹಸರು ಆ ಎತ್ತರದ ಹುಡುಗಿಗಿರ್ಲಿ. ಆಕಿ ಹೆಸ್ರಿಗೆ ನನ್ನ ನಾಲಿಗಿ ಹೊಳ್ಳಂಗಿಲ್ಲ" ಎನ್ನುತ್ತ ಗುರುಲಿಂಗಮ್ಮ ಸೂಟ್‌ಕೇಸಿನಿಂದ ಐದು ರವಿಕೆ ಖಣ ತೆಗೆದು ಮಗಳ ಒಂಟಿ ಮಂಚದ ಮೇಲೆ ಸಾಲಾಗಿ ಇಟ್ಟಳು. ಅದರ ಹಿಂದೆಯೇ ಅಕ್ಕಿಯ ಗಂಟು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು ಹೊರಬಂದವು. ಮಕ್ತಲ್‌ನಿಂದ ಆಸ್ಟ್ರಿಯಾದ ಗ್ರಾಜ್‌ವರೆಗೆ ಮೂರು ವಿಮಾನ ಹತ್ತಿಳಿದು ಬಂದರೂ ಒಂದು ಕೊಂಬೂ ಮುರಿದಿರಲಿಲ್ಲ.

ಮಗಳು ವಿಜಯಶ್ರೀ ಖಣಗಳನ್ನು ಒಂದೊಂದಾಗಿ ಎಣಿಸಿದಳು. ಆ ಐವರಲ್ಲಿ ಒಬ್ಬಳೂ ಈ ಭೂಮಿಯ ಮೇಲೆ ಇರಲಿಲ್ಲ.

ಓದಲು ಬಂದ ಮೊದಲ ಚಳಿಗಾಲದಲ್ಲಿ ಜ್ವರ ಹತ್ತಿ ನಾಲ್ಕು ದಿನ ಮಲಗಿದ್ದಾಗ ಅವ್ವ ಫೋನಿನಲ್ಲಿ "ಯಾರದಾರ ನಿನ್ನ ಹಂತ್ಯಾಕ?" ಎಂದು ಅಳತೊಡಗಿದ್ದಳು. "ಕ್ಲಾರಾ ಅಂತ ಒಬ್ಬಾಕಿ ಅದಾಳವ್ವ, ಗಂಜಿ ಕಾಸಿ ಕೊಟ್ಲು" ಎಂದು ಇವಳು ಬಾಯಿಗೆ ಬಂದದ್ದು ಹೇಳಿದ್ದಳು. ಸುಳ್ಳು ಒಂಟಿಯಾಗಿ ಉಳಿಯಲಿಲ್ಲ, ಎರಡು ವರ್ಷದಲ್ಲಿ ಐದು ಮಂದಿಯಾಯಿತು. ನಿಜಕ್ಕಾದರೆ ಪ್ರಯೋಗಾಲಯದವರು ಬೆಳಿಗ್ಗೆ ಒಂದು ನಮಸ್ಕಾರ, ಸಂಜೆ ಒಂದು ನಮಸ್ಕಾರ ಹೇಳುವ ಒಳ್ಳೆಯ ಜನ. ಶುಕ್ರವಾರ ಸಂಜೆಯಿಂದ ಸೋಮವಾರದವರೆಗೆ ಅವಳು ಬಾಯಿ ತೆರೆಯುತ್ತಿದ್ದುದು ಊರಿನ ಫೋನಿಗೆ ಮಾತ್ರ.

ಅಪ್ಪ ಹಂಪಣ್ಣನಿಗೆ ಮಕ್ತಲ್‌ನಲ್ಲಿ ಬಟ್ಟೆ ಅಂಗಡಿ. ಖಣಗಳನ್ನು ತಾನೇ ನಾರಾಯಣಪೇಟೆಯ ಮಗ್ಗದವರಲ್ಲಿಗೆ ಹೋಗಿ ಆರಿಸಿ ತಂದಿದ್ದ. "ಗಿರಾಕಿಗಳೆಲ್ಲಾ ಕೇಳ್ತಾರಮ್ಮ, ಹೆಣ್ಮಗಳನ್ನ ಒಬ್ಬಾಕಿನ್ನ ಅಷ್ಟು ದೂರ ಹೆಂಗ ಬಿಟ್ಟೀರಿ ಅಂತ. ಒಬ್ಬಾಕಿ ಎಲ್ಲದಾಳರೀ, ಐದು ಮಂದಿ ಜೋಡಿ ಅದಾರ ಅಂತೀನಿ. ನನಗ ಫಿಕರ್ ಇಲ್ಲ" ಎಂದು ಹೆಮ್ಮೆಯಿಂದ ನಕ್ಕ. ಎರಡು ವರ್ಷದಿಂದ ಅಪ್ಪನಿಗೆ ನಿದ್ದೆ ಬರುತ್ತಿದ್ದುದು ಆ ಐದು ಮಂದಿಯನ್ನು ನಂಬಿಕೊಂಡು. ಇಲ್ಲ ಎಂದರೆ ಏನಾದೀತು?

"ಶುಕ್ರವಾರ ಎಲ್ಲಾರ್ನೂ ಕರಿ" ಎಂದಳು ಗುರುಲಿಂಗಮ್ಮ. "ನಿನ್ನ ನೋಡ್ಕೊಂಡಾರ. ಉಡಿ ತುಂಬ್ದ ಹೆಂಗ ಹೋಗ್ಲಿ?"

"ಅವ್ರದು ಯಾರ್ದೂ ಮದುವಿ ಆಗಿಲ್ಲವ್ವ."

"ಆಗ್ದಿದ್ರೇನಾತು? ಮನಿ ಹೆಣ್ಮಕ್ಳಿದ್ದಂಗ."

ಗಡಿಯಾರದ ಗೋಪುರ ತೋರಿಸುವಾಗ, ಟ್ರಾಮು ಹತ್ತಿಸುವಾಗ, ಅವ್ವನಿಗೆ ಕಾಲುಚೀಲ ಹಾಕಿಸುವಾಗ ವಿಜಯಶ್ರೀ ನೆಪಗಳನ್ನೇ ಹುಡುಕುತ್ತಿದ್ದಳು. ಲೇನಾ ಊರಿಗೆ ಹೋಗಿದ್ದಾಳೆ ಎಂದಳು. ಇನ್ನೊಬ್ಬಳಿಗೆ ಪರೀಕ್ಷೆ ಎಂದಳು. "ಕ್ಲಾರಾ ಬರ್ತಾಳಲ್ಲ, ಸಾಕು" ಎಂದಳು ಅವ್ವ.

ಶುಕ್ರವಾರ ಮಧ್ಯಾಹ್ನ ವಿಜಯಶ್ರೀ ಪೇಟೆಗೆ ಹೋಗಿ ಐದು ತಟ್ಟೆ ಕೊಂಡು ತಂದಳು. ಮರಳುವಾಗ ಪಕ್ಕದ ಕೋಣೆಯ ಬಾಗಿಲ ಮುಂದೆ ನಿಂತಳು. ಅಲ್ಲಿಯ ಹುಡುಗಿ ಒಂದು ಗಂಟೆ ಬಂದು ಕೂತು ಹೋಗಲಿ, ಕ್ಲಾರಾ ಎಂದು ಕರೆದರೆ ಹೂಂ ಎನ್ನಲಿ, ಅಷ್ಟೇ. ಕೈ ಎತ್ತಿದಳು. ಒಳಗಿನಿಂದ ಮೂರು ನಾಲ್ಕು ಹುಡುಗಿಯರ ನಗು ಒಟ್ಟಿಗೆ ಕೇಳಿತು. ಕೈ ಇಳಿಸಿ ತನ್ನ ಕೋಣೆಗೆ ಬಂದಳು.

ಅವ್ವ ಹಾಸ್ಟೆಲಿನ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸಿ ಮುಗಿಸಿದ್ದಳು. "ಹೆಣ್ಮಕ್ಳ ನಡುವ ನಂದೇನು ಕೆಲಸ" ಎಂದು ಹಂಪಣ್ಣ ಹೊಳೆ ನೋಡಲು ಹೋದ. ಐದೂವರೆಯಾಯಿತು, ಆರೂವರೆಯಾಯಿತು. ಹೋಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟಿತು.

"ಅಂದಂಗ, ಮೊಣಕಾಲು ಆಪರೇಷನ್ ಆಗಿತ್ತಲ್ಲ, ಈಗ ಹೆಂಗದಾಳ?" ಗುರುಲಿಂಗಮ್ಮ ಕೇಳಿದಳು.

"ಯಾರವ್ವ?"

"ಕ್ಲಾರಾನ ಅವ್ವ. ನೀನ ಹೇಳಿದ್ದಿಯಲ್ಲ."

ವಿಜಯಶ್ರೀಗೆ ನೆನಪೇ ಇರಲಿಲ್ಲ. ಅವ್ವನೋ, ಎಂದೂ ಹುಟ್ಟದ ಕ್ಲಾರಾಳ ತಾಯಿಯ ಮೊಣಕಾಲಿಗಾಗಿ ಒಂದು ವರ್ಷದಿಂದ ಮರುಗುತ್ತಿದ್ದಳು. ಗುರುಲಿಂಗಮ್ಮ ಹೋಳಿಗೆಯ ಮೇಲೆ ಮುಚ್ಚಳ ಇಟ್ಟಳು.

"ಬಂದ ದಿನಾನ ನೋಡೀನಿ" ಎಂದಳು ಕೊನೆಗೆ. "ಒಂದು ತಾಟು, ಒಂದು ಗಲಾಸು. ಐದು ಮಂದಿ ಬಂದು ಹೋಗೂ ಮನ್ಯಾಗ ಒಂದ ತಾಟು ಇರ್ತೈತೇನು? ಇದ್ರೂ ಇರ್ಬೇಕು, ಬಂದ್ರೂ ಬರ್ಬೇಕು ಅಂತ ಇಲ್ಲೀತನ ಕುಂತೆ." ಮಗಳ ಕಡೆ ತಿರುಗಿದಳು. "ಜ್ವರ ಬಂದಾಗ ಗಂಜಿ ಯಾರು ಕಾಸಿದ್ರು?"

"ನಾನ."

"ದವಾಖಾನಿಗೆ?"

"ಒಬ್ಬಾಕೇ ಹೋದೆ. ಟ್ರಾಮಿನ್ಯಾಗ."

ಗುರುಲಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಬಾ, ಮೂಡಲಕ್ಕೆ ಮುಖ ಮಾಡಿ ಕುಂದ್ರು. ನನ್ನ ಮಗಳನ್ನ ನೋಡ್ಕೊಂಡಾಕಿಗೆ ಉಡಿ ತುಂಬ್ತೀನಿ ಅಂತ ಬೇಡ್ಕೊಂಡೀನಿ. ಬಿಡಾಕ ಬರಂಗಿಲ್ಲ."

ವಿಜಯಶ್ರೀ ದುಪಟ್ಟಾ ಚಾಚಿ ಕೂತಳು. ಅರಿಶಿನ ಕುಂಕುಮ ಹಚ್ಚಿ ಅವ್ವ ಖಣವಿಟ್ಟಳು, ಬೊಗಸೆಯಲ್ಲಿ ಅಕ್ಕಿ ಸುರಿದಳು, ಮೇಲೆ ಕೊಬ್ಬರಿ, ಉತ್ತತ್ತಿ, ಕೊಂಬು ಇಟ್ಟಳು. "ಇದು ಕ್ಲಾರಾಂದು" ಎಂದಳು. ಮತ್ತೆ ಮೊದಲಿನಿಂದ, "ಇದು ಲೇನಾಂದು." ಐದು ಸಲ ತುಂಬುವಷ್ಟರಲ್ಲಿ ಮಡಿಲು ಎತ್ತಲಾರದಷ್ಟು ಭಾರವಾಯಿತು. ವಿಜಯಶ್ರೀ ಎರಡು ವರ್ಷದ ಅಳು ಅತ್ತಳು. ಎರಡೂ ಕೈ ದುಪಟ್ಟಾ ಹಿಡಿದಿದ್ದರಿಂದ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ.

ಕಾರಿಡಾರಿನಲ್ಲಿ ಹಂಪಣ್ಣನ ಕೆಮ್ಮು ಕೇಳಿತು. ವಿಜಯಶ್ರೀ ಉಡಿಯನ್ನು ಗಂಟು ಕಟ್ಟಿ ಮಂಚದ ಕೆಳಗೆ ಸರಿಸಿದಳು. ಗುರುಲಿಂಗಮ್ಮ ಲಗುಬಗೆಯಿಂದ ಐದೂ ತಟ್ಟೆಗಳನ್ನು ಕೋಣೆಯ ಮೂಲೆಯ ನಲ್ಲಿಯ ಕೆಳಗೆ ಹಿಡಿದು ಒದ್ದೆ ಮಾಡಿ ಬೋರಲು ಹಾಕಿದಳು.

"ಬಂದಿದ್ರೇನು?" ಎಂದ ಆತ ಒಳಬರುತ್ತಲೇ.

"ಬಂದ್ರು, ಹೋದ್ರು. ಉಡಿ ತುಂಬಿ ಕಳಿಸಿದೆ."

"ನಾ ಬರೂತನಕ ನಿಂದ್ರಬಾರ್ದೇನು? ಖಣ ನೋಡಿ ಏನಂದ್ರು?"

"ಭಾಳ ಚಂದ ಅದಾವಂದ್ರು ನೋಡ್ರಿ." ಹಂಪಣ್ಣ ತೃಪ್ತಿಯಿಂದ ತಲೆಯಾಡಿಸಿ ಬೂಟು ಬಿಚ್ಚತೊಡಗಿದ.

ಅವರು ಊರಿಗೆ ಮರಳಿದ ಮೇಲಿನ ಮೊದಲ ಭಾನುವಾರ ಮಧ್ಯಾಹ್ನ ಫೋನು ಬಂತು. ಅಪ್ಪ ಪಕ್ಕದಲ್ಲೇ ಕೂತಿದ್ದ, ಸ್ಪೀಕರ್ ಹಾಕಿತ್ತು. ಅಂಗಡಿಯ ಸುದ್ದಿ, ಬಿಸಿಲಿನ ಸುದ್ದಿ ಮುಗಿಯಿತು. ಆಮೇಲೆ ಅವ್ವ ಮೆಲ್ಲಗೆ ಕೇಳಿದಳು, "ಕ್ಲಾರಾ ಹೆಂಗದಾಳ?"

ವಿಜಯಶ್ರೀ ಪಾತ್ರೆಯ ಮುಚ್ಚಳ ತೆಗೆದಳು. "ಅಷ್ಟು ಆರಾಮಿಲ್ಲವ್ವ. ನಿನ್ನೆಯಿಂದ ಯಾರ ಜೋಡೀನೂ ಮಾತಾಡಿಲ್ಲ ಆಕಿ."

"ಪಾಪ" ಎಂದ ಹಂಪಣ್ಣ. "ನೀನ ಹೋಗಿ ಜರಾ ಮಾತಾಡ್ಸಮ್ಮ. ನಿನಗ ಗಂಜಿ ಕಾಸಿ ಕೊಟ್ಟಾಕಿ."

"ಹೂಂ ಅಪ್ಪ."

"ಉಂಡಾಳೇನು?" ಅವ್ವನ ದನಿ.

"ಈಗ ಉಣ್ಣಾಕ ಕುಂತಾಳ."

ಉಡಿ ಅಕ್ಕಿಯ ಅನ್ನ ಹಬೆಯಾಡುತ್ತಿತ್ತು. ವಿಜಯಶ್ರೀ ಫೋನನ್ನು ಲೋಟಕ್ಕೆ ಆನಿಸಿಟ್ಟು, ಬೋರಲು ಬಿದ್ದಿದ್ದ ಐದರಲ್ಲಿ ಒಂದು ತಟ್ಟೆ ಎತ್ತಿಕೊಂಡಳು.