ಮೂರು ಸಲ ಮೂವತ್ತೊಂಬತ್ತು

ಕಣ್ಣು ಪಾಸಾಯಿತು. ಬಿಪಿ ಪಾಸಾಯಿತು. ಮೂತ್ರದ ಬಾಟಲಿಯನ್ನು ಕಿಟಕಿಯೊಳಗೆ ಇಟ್ಟು ಬಂದದ್ದೂ ಆಯಿತು. ಇನ್ನು ಉಳಿದದ್ದು ಕಿವಿ.

"ಗೋಡೆ ಕಡೆ ಮುಖ ಮಾಡಿ ನಿಂತ್ಕೊಳ್ಳಿ," ಅಂದರು ಡಾಕ್ಟರಮ್ಮ. "ಒಂದು ಕಿವೀನ ಬೆರಳಲ್ಲಿ ಒತ್ತಿ ಮುಚ್ಚಿ. ನಾನು ಹಿಂದಿನಿಂದ ಪಿಸುಮಾತಲ್ಲಿ ಒಂದೊಂದು ನಂಬರ್ ಹೇಳ್ತೀನಿ. ಅದನ್ನ ನೀವು ಜೋರಾಗಿ ಹೇಳ್ಬೇಕು. ಅಷ್ಟೆ."

ಅಷ್ಟೆಯಂತೆ. ಲಾರಿ ಡ್ರೈವರ್ ಗೋಡೆಯ ಕಡೆ ತಿರುಗಿದ. ಬನಿಯನ್ನಿನೊಳಗೆ ಬೆವರು ಇಳಿಯುತ್ತಿತ್ತು.

ಲಾರಿ ಯಾರ್ಡ್‌ನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಫಿರಂಗಿ ಎಂದು. ಅದಕ್ಕೆ ಎರಡು ಕಾರಣ. ಒಂದು, ಅವನು ಸೈನ್ಯದ ಫಿರಂಗಿ ದಳದಲ್ಲಿ ಇದ್ದವನು. ಇನ್ನೊಂದು, ಅವನು ಗುಟ್ಟು ಹೇಳಿದರೂ ರಸ್ತೆಯಾಚೆಯ ಪೆಟ್ರೋಲ್ ಬಂಕಿನವರೆಗೆ ಕೇಳಿಸುತ್ತಿತ್ತು. ಎರಡನೆಯದು ಮೊದಲನೆಯದರಿಂದಲೇ ಬಂದದ್ದು ಎಂಬುದು ಅವನನ್ನೂ ಅವನ ಹೆಂಡತಿಯನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ತೋಪಿನ ಬಲಕ್ಕೆ ನಿಂತು ವರ್ಷಗಟ್ಟಲೆ ಗುಂಡು ಹಾರಿಸಿದವನ ಎಡಗಿವಿ ಉಳಿಯುವುದಿಲ್ಲ. ಇವನದೂ ಉಳಿದಿರಲಿಲ್ಲ.

ಆದರೆ ಅದನ್ನು ಬಚ್ಚಿಡುವುದರಲ್ಲಿ ಅವನು ಪಳಗಿದ್ದ. ನಾಲ್ಕು ಜನ ಸೇರಿದಲ್ಲಿ ಎಡತುದಿಯ ಕುರ್ಚಿ ಹಿಡಿಯುತ್ತಿದ್ದ. ಎಡಗಡೆಯಿಂದ ಯಾರಾದರೂ ಮಾತಾಡಿಸಿದರೆ ಬೀಡಿ ಹುಡುಕುವ ನೆಪದಲ್ಲಿ ಪೂರ್ತಿ ಒಂದು ಸುತ್ತು ತಿರುಗುತ್ತಿದ್ದ. ಎಲ್ಲರೂ ನಕ್ಕಾಗ ನಗುತ್ತಿದ್ದ. ಒಮ್ಮೆ ಮಾತ್ರ ಸಾವಿನ ಸುದ್ದಿಗೆ ನಕ್ಕು ಸಿಕ್ಕಿಬೀಳುವುದರಲ್ಲಿದ್ದ.

ಮೊದಲೆಲ್ಲ ಯಾರ್ಡ್ ಪಕ್ಕದ ಡಾಕ್ಟರೊಬ್ಬರು ಮುಖ ಕೂಡ ನೋಡದೆ ಸರ್ಟಿಫಿಕೇಟಿಗೆ ಸೀಲು ಒತ್ತಿ ಕಳಿಸುತ್ತಿದ್ದರು. ಈಗ ಆ ಕಾಲ ಹೋಯಿತು. ಭಾರೀ ಗಾಡಿ ಓಡಿಸುವವರು ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲೇ ತಪಾಸಣೆ ಮಾಡಿಸಿಕೊಳ್ಳಬೇಕು. ಅವನ ಪಾಲಿಗೆ ಬಂದದ್ದು ಮಾಜಿ ಸೈನಿಕರ ಈ ಆಸ್ಪತ್ರೆ. ಸೈನ್ಯ ಬಿಟ್ಟಮೇಲೆ ಇತ್ತ ಕಾಲಿಟ್ಟವನಲ್ಲ ಅವನು. ಕಿವಿಯ ಸಂಗತಿ ಇವರ ಕಂಪ್ಯೂಟರಿಗೆ ಹೋದರೆ ಲೈಸೆನ್ಸಿನವರ ಕಂಪ್ಯೂಟರಿಗೂ ಹೋದ ಹಾಗೆಯೇ ಎಂಬುದು ಅವನ ಎಣಿಕೆ. ಲೈಸೆನ್ಸ್ ಹೋದರೆ ಏನಾಗುತ್ತದೆ ಎಂಬುದನ್ನು ಅವನು ಕಣ್ಣಾರೆ ಕಂಡಿದ್ದ. ಅವನ ದಳದ ಗೆಳೆಯರಲ್ಲಿ ಅರ್ಧ ಜನ ಯಾವುದೋ ಬ್ಯಾಂಕಿನ, ಯಾವುದೋ ಗೋದಾಮಿನ ಬಾಗಿಲು ಕಾಯುತ್ತಿದ್ದರು. ಒಂದು ಗೇಟು, ಒಂದು ಸ್ಟೂಲು, ಒಂದು ಸೀಟಿ. ಉಕ್ಕಿನ ತೊಲೆ ಹೇರಿಕೊಂಡು ಘಟ್ಟ ಹತ್ತಿ ಇಳಿಯುವವನಿಗೆ ಆ ಸ್ಟೂಲು ನೆನೆಸಿಕೊಂಡರೇ ಬೆನ್ನು ನೋಯುತ್ತಿತ್ತು.

ಅದಕ್ಕೇ ಒಂದು ಉಪಾಯ ಹೂಡಿಕೊಂಡು ಬಂದಿದ್ದ. ಮೊದಲು ಒಳ್ಳೆಯ ಬಲಗಿವಿ. ಎಡಗಿವಿಯ ಸರದಿ ಬಂದಾಗ ಬಲಗಿವಿ ಮುಚ್ಚಿದಂತೆ ಮಾಡಿ ಬೆರಳನ್ನು ಸಡಿಲ ಬಿಡುವುದು. ಮನೆಯಲ್ಲಿ ಅಭ್ಯಾಸವನ್ನೂ ಮಾಡಿದ್ದ. ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ನಂಬರ್ ಪಿಸುಗುಟ್ಟಿ, ಇಷ್ಟು ಬುದ್ಧಿಯನ್ನು ಶಾಲೆಯಲ್ಲಿ ಖರ್ಚು ಮಾಡಿದ್ದರೆ ಮೇಜರ್ ಆಗಿ ನಿವೃತ್ತರಾಗುತ್ತಿದ್ದಿರಿ ಎಂದು ಹಂಗಿಸಿದ್ದಳು.

ಎಡಗಿವಿಗೆ ಬೆರಳೊತ್ತಿ ಕಣ್ಣು ಮುಚ್ಚಿದ. ಹಿಂದಿನಿಂದ ಪಿಸುಮಾತು ಬಂತು. ಸ್ಪಷ್ಟವಾಗಿಯೇ ಬಂತು.

"ಮೂವತ್ತೊಂಬತ್ತು," ಎಂದ. ಗೋಡೆಯ ಕ್ಯಾಲೆಂಡರ್ ಅದುರುವಷ್ಟು ಜೋರಾಗಿ.

ಎರಡನೆಯದು ಅರವತ್ತನಾಲ್ಕು. ಅದೂ ಕೇಳಿಸಿತು. ಸರಿಯಾಗಿ ಕೇಳಿಸಿತೇ ಎಂದು ಮನಸ್ಸಿನಲ್ಲೇ ಇನ್ನೊಂದು ಸಲ ಆಡಿ ನೋಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಇನ್ನೊಂದು ಮಾತು ಬಂತು: "ರಿಪೀಟ್."

"ಮೂವತ್ತೊಂಬತ್ತು."

ಆಮೇಲೆ ಹದಿನೇಳು ಬಂತು, ಅದರ ಬಾಲಕ್ಕೇ ರಿಪೀಟ್.

"ಮೂವತ್ತೊಂಬತ್ತು."

ನಾಲಿಗೆ ಏನು ಮಾಡುತ್ತಿದೆ ಎಂದು ಅವನಿಗೆ ಗೊತ್ತಾಗಲಿಲ್ಲ. ಡಾಕ್ಟರಮ್ಮ ಮುಂದಕ್ಕೆ ಬಂದು, ಇನ್ನೊಂದು ಕಿವಿ ನೋಡೋಣ ಎಂದು, ಅವನ ಬಲಗಿವಿಯನ್ನು ತಾವೇ ತಮ್ಮ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದರು. ಉಪಾಯ ಅಲ್ಲಿಗೆ ಮಣ್ಣುಪಾಲಾಯಿತು. ಅವರು ಏನೇನು ಹೇಳಿದರೋ, ಅವನಿಗೆ ಕೇಳಿಸಿದ್ದು ತನ್ನದೇ ಎದೆಬಡಿತ.

ಎರಡೂ ಕಿವಿ ನಿಯಮಕ್ಕೆ ಮುಟ್ಟುತ್ತಿಲ್ಲ, ಸಹಿ ಮಾಡಲು ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಮೆಷೀನಿನಲ್ಲಿ ಪೂರ್ತಿ ಪರೀಕ್ಷೆ ಮಾಡಿಸಬೇಕು, ಅದಕ್ಕೆ ಬೇರೆ ದಿನ ಕೊಡುತ್ತಾರೆ, ಅಲ್ಲಿಯವರೆಗೆ ಲಾರಿ ಮುಟ್ಟುವ ಹಾಗಿಲ್ಲ. ಹೇಳುವಾಗ ಪಾಪ, ಬಾಯಿ ದೊಡ್ಡದು ಮಾಡಿ ಒಂದೊಂದೇ ಪದ ಬಿಡಿಸಿ ಹೇಳಿದರು. ಪೂರ್ತಿ ಕಿವುಡನ ಜೊತೆ ಮಾತಾಡುವ ಹಾಗೆ.

ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಹೆಂಡತಿ ಕಾಯುತ್ತಿದ್ದಳು. ಯಾರ್ಡ್‌ನ ತೂಕದ ಕಟ್ಟೆಯಲ್ಲಿ ಲಾರಿಗಳ ತೂಕ ಬರೆದುಕೊಳ್ಳುವ ಕೆಲಸ ಅವಳದು. ಇವತ್ತು ರಜೆ ಹಾಕಿ ಬಂದಿದ್ದಳು. ಅವನು ಬಂದು ಕೂತ ರೀತಿಯಲ್ಲೇ ಅವಳಿಗೆ ಅರ್ಥವಾಯಿತು. ರೂಢಿಯ ಹಾಗೆ ಎದ್ದು ಅವನ ಬಲಗಡೆಗೆ ಬಂದು ಕೂತಳು.

ಹೋಯಿತು, ಎರಡೂ ಹೋಯಿತು ಎಂದ ಅವನು. ಎರಡು ಹೇಗೆ ಹೋಗುತ್ತದೆ, ಬಲಗಿವಿಗೆ ಏನಾಗಿದೆ ರೋಗ ಎಂದು ಅವಳು ಕೇಳಿದಳು. ಅವನು ನಡೆದದ್ದನ್ನು ಹೇಳಿದ. ಅರವತ್ತನಾಲ್ಕು ಕೇಳಿಸಿತು, ಹದಿನೇಳೂ ಕೇಳಿಸಿತು, ಬಾಯಿಂದ ಮಾತ್ರ ಮೂವತ್ತೊಂಬತ್ತೇ ಬಂತು. ತಲೆಗೇನೋ ಆಗಿರಬೇಕು, ವಯಸ್ಸಾಯಿತಲ್ಲ.

"ನಿಲ್ಲಿ. ಆಯಮ್ಮ ನಂಬರ್ ಆದ್ಮೇಲೆ ಏನಂದ್ರು?"

"ಅದೇ, ರಿಪೀಟ್ ಅಂದ್ರು."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಣಿಯತೊಡಗಿತು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳಬೇಕಾಯಿತು. ಎದುರು ಬೆಂಚಿನಲ್ಲಿದ್ದ ಊರುಗೋಲಿನ ಮುದುಕ, ಅಳುತ್ತಿದ್ದಾಳೆಂದುಕೊಂಡು ಮುಖ ತಿರುಗಿಸಿದ.

ಅವರ ಮನೆಯಲ್ಲಿ ಆ ಮಾತಿಗೆ ಇರುವುದು ಒಂದೇ ಅರ್ಥ. ಊಟ ರುಚಿಸಿದ ದಿನ ಅವನು ತಟ್ಟೆ ತಟ್ಟಿ ರಿಪೀಟ್ ಎನ್ನುವನು. ಅವಳು ಮೊದಲು ಬಡಿಸಿದ್ದನ್ನೇ, ಮೊದಲಿನಷ್ಟೇ, ಇನ್ನೊಂದು ಸಲ ಬಡಿಸಬೇಕು. ಫಿರಂಗಿ ದಳದಿಂದ ಬಂದ ಚಾಳಿ. ಅಲ್ಲಿ ಫೋನಿನ ತಂತಿಯ ಮೇಲೆ ರಿಪೀಟ್ ಎಂದರೆ ಹೇಳಿದ್ದನ್ನು ಹೇಳು ಎಂದಲ್ಲ. ಈಗಷ್ಟೇ ಹಾಕಿದ ಜಾಗಕ್ಕೇ, ಅದೇ ಲೆಕ್ಕದಲ್ಲಿ, ಇನ್ನೊಮ್ಮೆ ಗುಂಡು ಹಾಕು ಎಂದು. ಹೊಸದಾಗಿ ಸೇರಿದವನೊಬ್ಬ ಸರಿಯಾಗಿ ಕೇಳಿಸದೆ ಬಾಯಿತಪ್ಪಿ ಹಾಗೆಂದು, ಅಭ್ಯಾಸದ ಮೈದಾನದಲ್ಲಿ ಮೇಜರರ ಕಕ್ಕಸಿನ ಡೇರೆ ಎರಡನೆಯ ಸಲ ಹಾರಿಹೋಗಿತ್ತು. ಆ ಕಥೆಯನ್ನು ಅವಳು ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ.

"ಎದ್ದೇಳಿ. ಒಳಗೆ ಹೋಗಿ ಹೇಳಿ," ಎಂದಳು.

"ಏನಂತ?"

"ಇದ್ದದ್ದನ್ನ ಇದ್ದ ಹಾಗೆ. ಎಡಗಿವೀದೂ ಸೇರಿಸಿ."

ಅಲ್ಲಿ ಅವನು ತಡೆದ. ಬಲಗಿವಿಯದು ತಪ್ಪು ತಿಳಿವಳಿಕೆ, ಹೇಳಬಹುದು. ಎಡಗಿವಿಯನ್ನು ಅವರೇ ಮರೆತರೂ ಮರೆತಾರು, ತಾನಾಗಿ ಬಾಯಿಬಿಟ್ಟು ಕೆಡುವುದೇಕೆ ಎಂದು ವಾದ ಹೂಡಿದ. ಅವಳು ಕನ್ನಡಕ ಹಾಕಿಕೊಂಡಳು.

"ನೋಡಿ, ಆ ಕಿವೀನ ಇಷ್ಟು ವರ್ಷ ನಾನು ಸಾಕಿದೀನಿ. ಫೋನ್ ಬಂದ್ರೆ ನಾನು, ಬಾಗಿಲು ತಟ್ಟಿದ್ರೆ ನಾನು, ಮಗಳು ಆ ಕಡೆಯಿಂದ ಅಪ್ಪಾ ಅಂದ್ರೆ ನಾನು. ನಂಗೂ ಸಾಕಾಗಿದೆ."

ಅವಳು ಸಿಟ್ಟಿನಿಂದ ಹೇಳಿದ್ದಲ್ಲ. ಅದೇ ಅವನಿಗೆ ಹೆಚ್ಚು ತಾಗಿತು. ಎದ್ದು ಅಂಗಿ ಎಳೆದು ಸರಿಮಾಡಿಕೊಂಡು ಒಳಗೆ ಹೋದ.

ಡಾಕ್ಟರಮ್ಮ ಮುಂದಿನವನ ಕಣ್ಣಿಗೆ ಟಾರ್ಚ್ ಹಿಡಿದಿದ್ದರು. ಅವನು ಮೇಜಿನ ಮುಂದೆ ಹಿಮ್ಮಡಿ ಕೂಡಿಸಿ ನಿಂತು, ರಿಪೀಟ್ ಎಂದರೆ ತಮ್ಮಲ್ಲಿ ಏನು ಎಂಬುದರಿಂದ ಶುರುಮಾಡಿ, ಎಡಗಿವಿ ಸತ್ತು ಎಷ್ಟು ಕಾಲವಾಯಿತು ಎಂಬಲ್ಲಿಯವರೆಗೆ ಒಂದೇ ಉಸಿರಿಗೆ ಒಪ್ಪಿಸಿದ. ಬೆರಳು ಸಡಿಲ ಬಿಡುವ ಉಪಾಯವನ್ನೂ ಬಿಡಲಿಲ್ಲ. ಕಾರಿಡಾರಿನವರಿಗೆಲ್ಲ ಕೇಳಿಸಿರಬೇಕು, ಹೊರಗೆ ಯಾರೋ ಕೆಮ್ಮಿದ ನೆಪದಲ್ಲಿ ನಕ್ಕರು.

ಡಾಕ್ಟರಮ್ಮ ಟಾರ್ಚ್ ಆರಿಸಿದರು.

"ಅಂದ್ರೆ ಇವತ್ತು ನೀವು ನನ್ನ ಮೇಲೆ ಮೂರು ಸಲ ಗುಂಡು ಹಾಕಿದ್ರಿ."

"ಒಂದೇ ಜಾಗಕ್ಕೆ, ಮೇಡಂ."

ನಗು ತಡೆದುಕೊಂಡ ಅವರ ಮೂಗಿನ ಹೊಳ್ಳೆ ಅರಳಿತು. ಗೋಡೆಯ ಕಡೆ ಬೆರಳು ತೋರಿಸಿದರು. ಈ ಸಲ ಪಿಸುಮಾತಿನ ಕೊನೆಗೆ "ಹೇಳಿ" ಎಂದರು. ಎಂಬತ್ತೆರಡು, ಇಪ್ಪತ್ತಾರು, ಐವತ್ತೈದು. ಬಲಗಿವಿ ಒಂದನ್ನೂ ಬಿಡಲಿಲ್ಲ. ಅವನು ಎಡಗಿವಿಗೆ ಸಿದ್ಧನಾಗಿ ಬಲಗಿವಿಗೆ ಬೆರಳು ಒಯ್ದಾಗ, ಅದು ಬೇಡ ಎಂದು ಹೋಗಿ ಕೂತು ಸಹಿ ಮಾಡತೊಡಗಿದರು.

"ಎಡದು, ಮೇಡಂ?"

"ಒಂದು ಕಿವಿ ಸಾಕು. ಎರಡರಲ್ಲಿ ಒಳ್ಳೇದು ಯಾವುದೋ ಅದರಲ್ಲಿ ಕೇಳಿಸಿದ್ರೆ ಆಯ್ತು."

"ಈ ನಿಯಮ ಯಾವಾಗ ಬಂತು?"

"ಮೊದಲಿಂದ್ಲೂ ಅದೇ."

ಎಡತುದಿಯ ಕುರ್ಚಿಗಳು, ಬೀಡಿ ಹುಡುಕಿದ ಸುತ್ತುಗಳು, ಅರ್ಥವಾಗದೆ ನಕ್ಕ ನಗೆಗಳು. ಇಷ್ಟು ವರ್ಷ ಮುಚ್ಚಿಟ್ಟು ಕಾದ ಮಾಲನ್ನು ಯಾರೂ ಕೇಳಿಯೇ ಇರಲಿಲ್ಲ. ತನ್ನ ಮೇಲೆ ಬಂದ ಸಿಟ್ಟು ಅಲ್ಲೇ ನಗೆಯಾಗುತ್ತಿರುವುದು ಅವನಿಗೇ ಗೊತ್ತಾಯಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಾತ್ರ ಗಂಭೀರವಾಗಿ, ಹಾಗಾದರೆ ಆ ಇನ್ನೊಂದಕ್ಕೆ ಏನೂ ಮಾಡಲಾಗುವುದಿಲ್ಲವೇ ಎಂದು ಕೇಳಿದಳು. ಮಾಡಬಹುದು, ತೋಪಿನಿಂದ ಹೋದ ಕಿವಿಗೆ ಕೇಳಿಸುವ ಮೆಷೀನು ಕೊಡುವುದು ಈ ಆಸ್ಪತ್ರೆಯ ಕೆಲಸವೇ, ಇವರು ಬಂದು ಕೇಳಬೇಕಿತ್ತು ಅಷ್ಟೆ ಎಂದರು ಡಾಕ್ಟರಮ್ಮ. ಅವನು ಯೋಚಿಸಿ ಹೇಳುತ್ತೇನೆ ಎಂದ. ಅವಳು ಅವನ ತೋಳು ಹಿಡಿದು ಕಿವಿಯ ವಿಭಾಗಕ್ಕೆ ನಡೆಸಿದಳು.

ಅಲ್ಲಿ ಹೆಡ್‌ಫೋನ್ ಹಾಕಿಸಿ, ಗುಂಡಿ ಒತ್ತಿಸಿ, ಗೆರೆ ಎಳೆದು, ಮಧ್ಯಾಹ್ನದ ಹೊತ್ತಿಗೆ ಹುಣಿಸೆ ಬೀಜದಷ್ಟು ದೊಡ್ಡ ಮೆಷೀನೊಂದನ್ನು ಎಡಗಿವಿಯ ಹಿಂದೆ ಸಿಕ್ಕಿಸಿದರು. ಸದ್ಯಕ್ಕೆ ಹಾಕಿ ನೋಡಿ, ಹೊಂದಿಕೆಯಾದರೆ ನಿಮ್ಮದೇ ಅಳತೆಯದು ಮಾಡಿಸೋಣ ಎಂದರು. ಕುರ್ಚಿ ಕಿರುಗುಟ್ಟಿತು. ಅವನು ಬೆಚ್ಚಿ ಎಡಕ್ಕೆ ನೋಡಿದ. ಮಾತಾಡಲು ಹೋದರೆ ತನ್ನ ದನಿಯೇ ತನಗೆ ದೊಡ್ಡದಾಗಿ ಕೇಳಿಸಿತು. ತಗ್ಗಿಸಿದ. ಇನ್ನೂ ತಗ್ಗಿಸಿದ.

"ಏನಂದ್ರಿ? ಕೇಳಿಸ್ಲಿಲ್ಲ," ಎಂದಳು ಹೆಂಡತಿ.

ಟ್ರೇಲರನ್ನು ಯಾರ್ಡ್‌ನಲ್ಲೇ ಕಳಚಿಟ್ಟು ಎಂಜಿನ್ ಇರುವ ಮುಂದಿನ ಗಾಡಿಯನ್ನಷ್ಟೇ ತಂದಿದ್ದ. ಅವಳು ಮೆಟ್ಟಿಲು ಹತ್ತಿ ಎಡಗಡೆಯ ಸೀಟಿನಲ್ಲಿ ಕೂತಳು. ಸರ್ಟಿಫಿಕೇಟು ಅವಳ ಚೀಲದಲ್ಲಿತ್ತು. ಊರು ದಾಟಿದ ಮೇಲೆ ರಸ್ತೆ ನೆಟ್ಟಗಾಯಿತು. ಬಿಸಿಲು ಗಾಜಿನ ಮೇಲಿಂದ ಇಳಿದು ಇಬ್ಬರ ಮೊಣಕಾಲ ಮೇಲೆ ಬಿದ್ದಿತ್ತು.

ಎಡಗಡೆಯಿಂದ ಒಂದು ಸಣ್ಣ ಸದ್ದು ಬಂತು. ಗಾಡಿಯದಲ್ಲ, ಗಾಡಿಯ ಸದ್ದುಗಳೆಲ್ಲ ಅವನಿಗೆ ಗೊತ್ತು. ಪರಪರ ಎಂದಿತು, ನಿಂತಿತು. ಮತ್ತೆ ಪರಪರ ಎಂದಿತು. ಯಾರೋ ಹುಷಾರಾಗಿ ಪೆಪ್ಪರ್‌ಮಿಂಟಿನ ಕಾಗದ ಬಿಚ್ಚುತ್ತಿದ್ದರು. ಕಾಗದವನ್ನು ಉಂಡೆ ಮಾಡಿ ಸೀಟಿನ ಸಂದಿಗೆ ತುರುಕಿದ್ದು ಕೇಳಿಸಿತು. ಆಮೇಲೆ ಹಲ್ಲಿಗೆ ತಾಗಿ ಕಟ್ ಎಂದದ್ದು.

ಅವನು ರಸ್ತೆಯಿಂದ ಕಣ್ಣು ತೆಗೆಯದೆ ಎಡಗೈಯನ್ನು ಅವಳ ಕಡೆ ಚಾಚಿದ.

ಆ ಕಡೆ ಎಲ್ಲ ಸದ್ದೂ ನಿಂತಿತು. ಗಾಡಿ ಒಂದು ಸೇತುವೆ ದಾಟಿತು. ಆಮೇಲೆ ಚೀಲದ ಜಿಪ್ಪು ಎಳೆದ ಸದ್ದು, ಮತ್ತೆ ಕಾಗದದ್ದು, ಈ ಸಲ ಮುಚ್ಚುಮರೆಯಿಲ್ಲದೆ. ಅಂಗೈಯ ನಡುವೆ ಸುಲಿದ ಪೆಪ್ಪರ್‌ಮಿಂಟೊಂದು ಬಂದು ಬಿತ್ತು.