ಕುಲುಮೆಯ ಗಾಳಿಬಾಗಿಲು

ಒಣಗಹಾಕಿದ ಮಗುವಿನ ಬಟ್ಟೆಗಳ ಮೇಲೆ ಅವತ್ತೂ ಮಸಿ ಕೂತಿತ್ತು. ಮಗಳು ಎಲ್ಲವನ್ನೂ ಮತ್ತೆ ಬಕೆಟ್ಟಿಗೆ ಹಾಕಿದಳು. ಪಕ್ಕದ ಮನೆಯ ಅಜ್ಜಿಯ ಹೊದಿಕೆಯನ್ನೂ ಸೇರಿಸಿಕೊಂಡಳು.

ಅಪ್ಪನ ತಲೆ ತಗ್ಗಿತು. ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಕಚ್ಚಾತೈಲ ಕಾಯಿಸುವ ದೊಡ್ಡ ಕುಲುಮೆಯನ್ನು ಮೂವತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದವನು ಅವನೇ. ಎಲ್ಲರ ಬಾಯಲ್ಲೂ ಕುಲುಮೆಯಣ್ಣ.

"ಕುಲುಮೆಯಲ್ಲಿ ಆ ಕಪ್ಪು ಉರುವಲೆಣ್ಣೆಯ ಬದಲು ಗ್ಯಾಸ್ ಉರಿಸಣ್ಣ," ಎಂದಳು ಅವನ ತಂಗಿ. ಅವಳು ಅದೇ ಕಾರ್ಖಾನೆಯಲ್ಲಿ ಇಂಧನ ಉಳಿತಾಯದ ಇಂಜಿನಿಯರ್. "ಕಾರ್ಖಾನೆಯ ಎತ್ತರದ ಕಂಬದ ತುದಿಯಲ್ಲಿ ಹೆಚ್ಚಾದ ಗ್ಯಾಸ್ ಸುಮ್ಮನೆ ಸುಟ್ಟುಹೋಗ್ತಿದೆಯಲ್ಲ, ಅದನ್ನೇ ಹಿಡಿದು ಕುಲುಮೆಗೆ ತರಬಹುದು."

"ಗ್ಯಾಸಿನ ಒತ್ತಡ ಕುಸಿದು ಉರಿ ಆರಿದರೆ? ನೀನು ಬಂದು ಊದ್ತೀಯಾ?"

"ಕುಸಿಯೋ ಮೊದಲೇ ಎಣ್ಣೆಗೆ ಬದಲಾಗೋ ಏರ್ಪಾಡಿದೆ. ನನ್ನ ಉಸಿರು ನಿನ್ನ ಹತ್ತಿರ ವಾದ ಮಾಡೋಕೇ ಸಾಲದು."

ಅವನ ಜೇಬಿನಲ್ಲಿ ಮ್ಯಾನೇಜರ್ ಕೊಟ್ಟ ಕಾಗದವಿತ್ತು: 'ಎಣ್ಣೆಯ ಕುಲುಮೆ ಚೆನ್ನಾಗಿದೆ, ಬದಲಾವಣೆ ಬೇಡ.' ಹಿರಿಯ ಕೆಲಸಗಾರನ ಸಹಿ ಬಿದ್ದರೆ ಗ್ಯಾಸಿನ ಯೋಜನೆ ಅಲ್ಲಿಗೇ ಮುಗಿಯಿತು.

"ಚೆನ್ನಾಗಿದೆಯೋ ಇಲ್ಲವೋ ನೋಡೇಬಿಡೋಣ," ಎಂದಳು ತಂಗಿ ಕಾಗದ ಓದಿ. "ಉರಿಗೆ ಗಾಳಿ ಬಿಡೋ ಗಾಳಿಬಾಗಿಲು ಎಷ್ಟು ತೆರೆದಿಡ್ತೀಯ?"

"ಬೇಕಾದ್ದಕ್ಕಿಂತ ಎರಡು ಗೆರೆ ಜಾಸ್ತಿ. ಗಾಳಿ ಕಮ್ಮಿಯಾಗಿ ಹೊಗೆ ಕಪ್ಪಾದರೆ ಮೇಲಿನವರು ಬೈತಾರೆ. ಎಲ್ಲ ಪಾಳಿಯವರೂ ಹೀಗೇ ಮಾಡೋದು."

ಪಾಳಿಗೆ ಹೋದಮೇಲೆ, ಕುಲುಮೆಯ ಬಳಿ ಅಣ್ಣನ ಹರಿದ ಕೈಗವಸು ಕಂಡು ತಂಗಿ ತನ್ನದನ್ನೇ ಕಳಚಿ ಕೊಟ್ಟಳು. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಮೀಟರನ್ನು ಚಿಮಣಿಗೆ ಹಚ್ಚಿದಳು. ಅದನ್ನು ನೋಡುತ್ತ ಅವನು ಗಾಳಿಬಾಗಿಲನ್ನು ಕೂದಲೆಳೆಯಷ್ಟಷ್ಟೇ ಮುಚ್ಚುತ್ತ ಬಂದ. ಉರಿ ಬಿಗಿಯಾಯಿತು. ಕುಲುಮೆಯ ಬಿಸಿ ಮೊದಲಿನಷ್ಟೇ ಇತ್ತು, ಎಣ್ಣೆಯ ಖರ್ಚು ತೋರಿಸುವ ಮುಳ್ಳು ಮಾತ್ರ ಕೆಳಗೆ ಸರಿಯಿತು.

"ಇಷ್ಟು ವರ್ಷ ನಾನು ಆಕಾಶ ಕಾಯಿಸ್ತಿದ್ದೆನಾ?"

"ಹೆಚ್ಚಿನ ಗಾಳಿ ಬಿಸಿಯನ್ನ ಹೊತ್ತುಕೊಂಡು ಹೋಗ್ತಿತ್ತು. ಅದು ಇವತ್ತು ನಿಲ್ತು. ಆದರೆ ಎಣ್ಣೆ ಉರಿಸೋತನಕ ಮಸಿ, ಗಂಧಕದ ಹೊಗೆ ಬಿಡಲ್ಲ."

ಅಷ್ಟರಲ್ಲಿ ಮ್ಯಾನೇಜರ್ ಬಂದ. "ಸಹಿ ಆಯ್ತೇನಪ್ಪ?"

"ಇಲ್ಲ ಸಾರ್. ಆಗೋದೂ ಇಲ್ಲ."

"ಇನ್ನೂ ಎರಡು ವರ್ಷ ಸೇವೆ ಇದೆ ನಿನಗೆ. ನೆನಪಿರಲಿ."

"ನೆನಪಿದೆ. ಆ ಎರಡು ವರ್ಷ ಗ್ಯಾಸ್ ಕುಲುಮೆ ನೋಡ್ಕೋತೀನಿ."

ಕಾಗದದ ಬೆನ್ನಿಗೆ ಮೀಟರ್ ತೋರಿಸಿದ್ದನ್ನು ಬರೆದ. 'ಗ್ಯಾಸ್ ಬೇಕು' ಎಂದು ಕೆಳಗೆ ಸೇರಿಸಿ ಹೆಸರು ಹಾಕಿದ. ಪಂಪು ನೋಡಿಕೊಳ್ಳುವವನು ಎಣ್ಣೆಗೈ ಒರೆಸಿಕೊಂಡು ಬಂದು ಪೆನ್ನು ಕೇಳಿದ. ಅವನ ಹಿಂದೆ ಇನ್ನೂ ಮೂವರು ನಿಂತಿದ್ದರು.

ಕುಲುಮೆಯ ಮುಂದೆ ದುಡಿಯುವವರೇ, ಅದರ ಹೊಗೆ ಕುಡಿಯುವವರೇ, ಗಾಳಿ ಎಷ್ಟು ಬೇಕೆಂದು ಮೀಟರನ್ನು ಕೇಳಿ. ಮೀಟರ್ ಇಲ್ಲದೆ ಬಾಗಿಲು ಮುಟ್ಟಬೇಡಿ, ವಿಷದ ಹೊಗೆಯ ಅಪಾಯವಿದೆ. ಉರಿಸಬಹುದಾದ ಗ್ಯಾಸ್ ಬಯಲಲ್ಲೇಕೆ ಸುಡುತ್ತಿದೆ ಎಂದು ನಿಮ್ಮ ಕಾರ್ಖಾನೆಯನ್ನು ಕೇಳಿ. ಉತ್ತರ ಬರುವವರೆಗೂ ಕೇಳುತ್ತಲೇ ಇರಿ. ಅಲ್ಲಿಯವರೆಗೆ 'ಬದಲಾವಣೆ ಬೇಡ' ಎನ್ನುವ ಯಾವ ಕಾಗದಕ್ಕೂ ಸಹಿ ಹಾಕಬೇಡಿ.