ಬಟಾಣಿ ಬಂದೂಕಿನ ದಂಡು

ದೌಲತರಾಯ ಅಫಜಲಪುರದ ತಹಶೀಲ ಕಚೇರಿಯಲ್ಲಿ ಗುಮಾಸ್ತ. ವಯಸ್ಸು ಮೂವತ್ತಾರು, ಇಬ್ಬರು ಹೆಣ್ಣುಮಕ್ಕಳ ತಂದೆ. ವಾರದ ಆರು ದಿನ ಅವನಷ್ಟು ಮೆತ್ತನೆಯ ಮನುಷ್ಯ ಆ ಕಚೇರಿಯಲ್ಲಿ ಇನ್ನೊಬ್ಬನಿರಲಿಲ್ಲ. ರೈತರು ದನಿ ಏರಿಸಿದರೂ ಕುರ್ಚಿ ಎಳೆದು ಕೂರಿಸಿ ಮಾತಾಡುವವನು. ಏಳನೆಯ ದಿನ, ಐತವಾರ, ಮಾತ್ರ ಖಾಕಿ ಅಂಗಿ ತೊಟ್ಟು, ಕಾಲೇಜಿನಲ್ಲಿದ್ದಾಗಿನ ಎನ್‌ಸಿಸಿ ಬೂಟಿಗೆ ಪಾಲಿಶ್ ಹಚ್ಚಿ, ಊರಾಚೆಯ ಹಳೆಯ ಕಲ್ಲಿನ ಗಣಿಗೆ ಯುದ್ಧಕ್ಕೆ ಹೊರಡುತ್ತಿದ್ದ.

ಈ ಯುದ್ಧ ಹುಟ್ಟಿದ್ದು ಶರಫುದ್ದೀನನ ಸೈಕಲ್ ಅಂಗಡಿಯಲ್ಲಿ. ಶರಫುದ್ದೀನ ದೌಲತರಾಯನ ಬಾಲ್ಯದ ಗೆಳೆಯ, ಒಂದೇ ಬೆಂಚಿನ ಮೇಲೆ ಕುಳಿತು ಏಳನೆಯ ಇಯತ್ತೆ ಪಾಸಾದವರು ಇಬ್ಬರೂ. ಕೈಯಲ್ಲಿ ಕಸುಬು ಇದ್ದವ. ಒಂದು ಮಳೆಗಾಲದಲ್ಲಿ ಗಿರಾಕಿ ಇಲ್ಲದೆ ಕುಳಿತಾಗ, ಮುರಿದ ಸೈಕಲ್ ಪಂಪಿನ ನಳಿಕೆಗೆ ಸೀಟಿನ ಸ್ಪ್ರಿಂಗ್ ಜೋಡಿಸಿ, ಹಿಂದೆ ಸಾಗವಾನಿಯ ಹಿಡಿಕೆ ಕೂರಿಸಿ ಒಂದು ಬಂದೂಕು ಮಾಡಿದ. ನಳಿಕೆಯ ಬಾಯಿಗೆ ಒಣ ಬಟಾಣಿ ತುಂಬಿ ಎಳೆದು ಬಿಟ್ಟರೆ ಮೂವತ್ತು ಹೆಜ್ಜೆ ದೂರ ಹಾರುತ್ತಿತ್ತು. ಬಡಿದರೆ ಕೆಂಜಿಗ ಕಚ್ಚಿದಷ್ಟು ಉರಿ, ಅಷ್ಟೇ. ಅದನ್ನು ಮೊದಲು ಕೈಗೆ ತೆಗೆದುಕೊಂಡವನು ದೌಲತರಾಯ. ತಿಂಗಳೊಪ್ಪತ್ತಿನಲ್ಲಿ ಬಂದೂಕು ಎಂಟಾದವು, ಹಿಡಿಯುವ ಕೈಗಳೂ ಎಂಟಾದವು. ಪ್ರಾಥಮಿಕ ಶಾಲೆಯ ಹಣಮಂತರಾಯ ಮಾಸ್ತರರು ಬಂದರು, ತೊಗರಿ ಅಡತಿಯ ದಲ್ಲಾಳಿ ಚಂದಪ್ಪ ಬಂದ. ಕಣ್ಣಿಗೆ ಪೆಟ್ಟಾಗಬಾರದೆಂದು ಬೆಸುಗೆ ಹಾಕುವವರ ಕನ್ನಡಕ ತರಿಸಿದರು. ಕಲಬುರ್ಗಿಯ ಹಳೆ ಬಟ್ಟೆ ಬಜಾರಿನಿಂದ ಖಾಕಿ ಅಂಗಿ, ಪಟ್ಟಿ, ನೀರಿನ ಡಬ್ಬಿ ಬಂದವು.

ಪ್ರತಿ ವಾರಕ್ಕೆ ಒಂದೊಂದು ಕಥೆ. ಒಂದು ವಾರ ಪೊಲೀಸರು ಮತ್ತು ಡಕಾಯಿತರು, ಇನ್ನೊಂದು ವಾರ ಗಡಿಯಲ್ಲಿ ಲಡಾಯಿ, ಮತ್ತೊಂದು ವಾರ ಖಜಾನೆ ಲೂಟಿ. ಕಥೆ ಕಟ್ಟುವ ಕೆಲಸ ದೌಲತರಾಯನದು. ಕಚೇರಿಯ ರದ್ದಿ ಕಾಗದದ ಹಿಂಬದಿಯಲ್ಲಿ ಯಾರು ಯಾವ ಕಡೆ, ಯಾರು ಎಲ್ಲಿ ಅಡಗಬೇಕು ಎಂದು ನಕ್ಷೆ ಸಮೇತ ಬರೆದು ತರುತ್ತಿದ್ದ. ಕಾಯಿದೆ ಒಂದೇ: ಬಟಾಣಿ ತಾಗಿದವನು ತಾನಾಗಿಯೇ ಕೈ ಎತ್ತಿ ಬದುವಿನ ಮೇಲೆ ಹೋಗಿ ಕೂರಬೇಕು. ಯಾರೂ ನೋಡದಿದ್ದರೂ ಕೈ ಎತ್ತುತ್ತಿದ್ದವನು ಶರಫುದ್ದೀನ. ಚಂದಪ್ಪನಂತೂ ಹಣೆಗೆ ಬಡಿದರೂ ಗಾಳಿ ಅನ್ನುತ್ತಿದ್ದ. ದೌಲತರಾಯನ ಹೆಂಡತಿ ಕಸ್ತೂರಿಬಾಯಿ, ಇಷ್ಟು ದೊಡ್ಡ ಗಂಡಸರಿಗೆ ನಾಚಿಕೆ ಆಗುವುದಿಲ್ಲವೇ ಎಂದು ನಗುತ್ತಲೇ ರೊಟ್ಟಿ ಕಟ್ಟಿಕೊಡುತ್ತಿದ್ದಳು. ಅವನಿಗೆ ಆಗುತ್ತಿರಲಿಲ್ಲ. ಗಣಿಯ ಕಲ್ಲಿನ ಮರೆಯಲ್ಲಿ ಉಸಿರು ಬಿಗಿಹಿಡಿದು ಬೋರಲು ಬಿದ್ದಾಗ ಎದೆ ಹೊಡೆದುಕೊಳ್ಳುವುದಿದೆಯಲ್ಲ, ಆ ಸುಖ ಅವನಿಗೆ ಬೇರೆ ಎಲ್ಲೂ ಸಿಕ್ಕಿರಲಿಲ್ಲ.

ಎಂಬತ್ತಾರನೆಯ ಇಸವಿಯ ಭಾದ್ರಪದದಲ್ಲಿ ಅವನ ತಲೆಗೆ ಹೊಸ ಕಥೆಯೊಂದು ಹೊಳೆಯಿತು: ರಜಾಕಾರರು ಮತ್ತು ಮಿಲಿಟರಿ. ನಲವತ್ತೆಂಟರಲ್ಲಿ ಅವನ ಮನೆಯವರು, ನಿಜಾಮನ ಆಳ್ವಿಕೆ ಉಳಿಸಲು ಎದ್ದಿದ್ದ ರಜಾಕಾರರ ಹಾವಳಿಗೆ ಹೆದರಿ ಬಂಡಿ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಓಡಿದ್ದರು. ಬಣವಿಗೆ ಬೆಂಕಿ ಬಿದ್ದದ್ದು, ಅಜ್ಜಿ ಉರಿಯುವ ಒಲೆ ಬಿಟ್ಟು ಎದ್ದದ್ದು, ಎಲ್ಲವನ್ನೂ ಕಾಕಾನ ಬಾಯಿಂದ ಕೇಳುತ್ತಲೇ ಬೆಳೆದವನು. ಕೇಳಿ ಕೇಳಿ ಅದು ಅವನಿಗೆ ಕಥೆಯೇ ಆಗಿಬಿಟ್ಟಿತ್ತು. ಕಾಗದ ತೆಗೆದುಕೊಂಡು ಅಂಗಡಿಗೆ ಹೋಗಿ ಎಲ್ಲರ ಮುಂದೆ ಓದಿದ. ಮಿಲಿಟರಿಗೆ ತಾನೇ ಮುಖ್ಯಸ್ಥ. ರಜಾಕಾರರ ಮುಖ್ಯಸ್ಥ ಶರಫುದ್ದೀನ.

ಶರಫುದ್ದೀನ ಕೈಯೊಳಗಿನ ಚೈನಿನಿಂದ ತಲೆ ಎತ್ತಿ, ಯಾಕೆ ತಾನು ಎಂಬಂತೆ ನೋಡಿದ.

"ನೀ ಸಾಬ ಇದ್ದೀ ನೋಡು, ನಿನಗ ಛಂದ ಒಪ್ಪತೈತಿ" ಎಂದ ದೌಲತರಾಯ, ನಗುತ್ತ.

ಉಳಿದವರೂ ನಕ್ಕರು. ಹಣಮಂತರಾಯ ಮಾಸ್ತರರು ಮಾತ್ರ, ಇದು ಬೇಡ, ಡಕಾಯಿತರದೇ ಇರಲಿ ಎಂದು ಮೆಲ್ಲಗೆ ಅಂದರು. ಶರಫುದ್ದೀನ ಎಣ್ಣೆಗೈಯನ್ನು ಚಿಂದಿಯಿಂದ ಒರೆಸಿದ, ಬಹಳ ಹೊತ್ತು ಒರೆಸಿದ. ಆಮೇಲೆ, ಆಯಿತು, ನೀನು ಹೇಗೆ ಅನ್ನುತ್ತೀಯೋ ಹಾಗೆ ಎಂದ. ಮರುದಿನ ಅವನೇ ಕಪ್ಪು ಕುಚ್ಚಿನ ಕೆಂಪು ಟೋಪಿಯೊಂದನ್ನು ಹಾಕಿಕೊಂಡು ತೋರಿಸಿದಾಗ ದೌಲತರಾಯನಿಗೆ ಕಥೆ ಗೆದ್ದಂತೆ ಅನ್ನಿಸಿತು.

ಮಳೆಗೆ ಗಣಿಯಲ್ಲಿ ನೀರು ನಿಂತಿತ್ತು. ಬೇರೆ ಜಾಗ ಬೇಕಾಯಿತು. ಕರಜಗಿಯಲ್ಲಿ ತನ್ನ ಖಾಲಾನ, ಅಂದರೆ ತಾಯಿಯ ತಂಗಿಯ, ಹೊಲವಿದೆ, ಕಬ್ಬು ಎದೆ ಮಟ್ಟ ಬೆಳೆದಿದೆ ಎಂದು ಶರಫುದ್ದೀನನೇ ಹೇಳಿದ. ಖಾಲಾ ಕರೀಮುನ್ನಿಸಾ ಆಳಂದದಲ್ಲಿದ್ದ ಮಗಳ ಮನೆಗೆ ಹೋಗಿದ್ದಳು, ಹೊಲದಲ್ಲಿ ಅವಳಿದ್ದ ಒಂದೇ ಕೋಣೆಯ ಮನೆಗೆ, ಆ ಖೋಲಿಗೆ, ಚಿಲಕ ಹಾಕಿತ್ತು, ತಂಟೆ ಮಾಡುವವರಿಲ್ಲ. ಐತವಾರ ಮುಂಜಾನೆ ಎಂಟೂ ಜನ ಬಂದೂಕುಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಕಂಡಕ್ಟರ್ ಕೇಳಿದಾಗ ಚಂದಪ್ಪ ನೀರಾವರಿ ಪೈಪು ಎಂದ. ದಾರಿಯುದ್ದಕ್ಕೂ ನಕ್ಕರು.

ಕರೀಮುನ್ನಿಸಾ ಹಿಂದಿನ ದಿನವೇ ಆಳಂದದಿಂದ ಮರಳಿದ್ದಳು. ಅದು ಯಾರಿಗೂ ಗೊತ್ತಿರಲಿಲ್ಲ.

ಆಟ ರಂಗೇರಿತು. ಕಬ್ಬಿನ ಸಾಲುಗಳ ನಡುವೆ ಕೆಂಪು ಟೋಪಿ ಅಲ್ಲಲ್ಲಿ ಮಿಂಚಿ ಮಾಯವಾಗುತ್ತಿತ್ತು. ದೌಲತರಾಯ ಮೂವರನ್ನು ಕರೆದುಕೊಂಡು ಅದರ ಬೆನ್ನು ಹತ್ತಿದ. ಎಲೆಯ ಅಲಗಿಗೆ ಕೈ ಕೊಯ್ದುಹೋದವು, ಬೂಟಿಗೆ ಕೆಸರು ಮೆತ್ತಿತು, ಯಾವುದೂ ಲಕ್ಷ್ಯಕ್ಕೆ ಬರಲಿಲ್ಲ. ಕಬ್ಬು ಮುಗಿದಲ್ಲಿ ಖೋಲಿ ಇತ್ತು. ಹೊರಗೆ ಚಿಲಕವಿರಲಿಲ್ಲ, ಒಳಗೆ ಏನೋ ಸರಿದ ಸಪ್ಪಳವಾಯಿತು. ಶರಫುದ್ದೀನ ಒಳಗೆ ಸೇರಿದ್ದಾನೆಂದು ಅವನಿಗೆ ಖಾತ್ರಿಯಾಯಿತು. ಎನ್‌ಸಿಸಿಯಲ್ಲಿ ಕಲಿತ ದನಿ ತೆಗೆದು, "ಬಾಹರ್ ನಿಕಲೋ, ಹಾಥ್ ಊಪರ್" ಎಂದು ಕೂಗಿದ. ಉತ್ತರ ಬರಲಿಲ್ಲ. ಬೂಟುಗಾಲಿನಿಂದ ಬಾಗಿಲಿಗೆ ಒದ್ದ. ಎರಡನೆಯ ಒದೆತಕ್ಕೆ ಅಗಳಿ ಮುರಿದು ಬಾಗಿಲು ತೆರೆಯಿತು. ನಾಲ್ವರೂ ಬಂದೂಕು ಚಾಚಿ ಒಳಗೆ ನುಗ್ಗಿದರು.

ಕಣ್ಣಿಗೆ ಕತ್ತಲೆ ಹೊಂದಿಕೊಳ್ಳಲು ಗಳಿಗೆ ಹಿಡಿಯಿತು. ಮೂಲೆಯಲ್ಲಿ, ಜೋಳದ ಕಣಜದ ಸಂದಿಯಲ್ಲಿ, ಒಬ್ಬ ಮುದುಕಿ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಸೆರಗಿನ ತುದಿಯನ್ನು ಬಾಯಲ್ಲಿ ತುರುಕಿಕೊಂಡಿದ್ದಳು. ಇವರನ್ನು ಕಂಡದ್ದೇ ಎರಡೂ ಕೈಯ ಬೆಳ್ಳಿ ಬಳೆಗಳನ್ನು ಎಳೆದೆಳೆದು ತೆಗೆದು ಅಂಗೈಯಲ್ಲಿಟ್ಟು ಚಾಚಿದಳು.

"ಇಷ್ಟs ಐತ್ರಿ ಸಾಹೇಬ್ರ" ಎಂದಳು. "ನಮ್ಮವರು ರಜಾಕಾರ ಅಲ್ರಿ. ಬಡಿಗತನ ಮಾಡ್ತಾರ. ಎಲ್ಲಾರಿಗೂ ನೇಗಿಲಾ ಮಾಡಿ ಕೊಡ್ತಾರ್ರಿ, ಊರಾಗ ಯಾರನ್ನರ ಕೇಳ್ರಿ."

ದೌಲತರಾಯನಿಗೆ ಬಂದೂಕು ಇಳಿಸಬೇಕೆಂಬುದೂ ಹೊಳೆಯಲಿಲ್ಲ. ಅದರ ತುದಿ ಇನ್ನೂ ಅವಳತ್ತಲೇ ಇತ್ತು, ಅವಳ ಕಣ್ಣು ಆ ತುದಿಯ ಮೇಲೆಯೇ ಇತ್ತು. ಹಿಂದಿನಿಂದ ಓಡಿಬಂದ ಶರಫುದ್ದೀನ ಅವರನ್ನು ಸರಿಸಿ ಒಳಗೆ ಹೋಗಿ ಅವಳೆದುರು ಮೊಣಕಾಲೂರಿದ. ಖಾಲಾ, ನಾನು ಶರಫು, ನಿನ್ನ ಶರಫು ಎಂದು ತಮ್ಮ ಮನೆಮಾತಿನಲ್ಲಿ ಹೇಳುತ್ತಲೇ ಇದ್ದ. ಅವಳು ಅವನ ಮುಖ ನೋಡಿದಳು, ತಲೆ ನೋಡಿದಳು. ತಟ್ಟನೆ ಕೈ ಬೀಸಿ ಟೋಪಿಯನ್ನು ಕಿತ್ತು, ಹುಲ್ಲಿನ ಹೊರೆಯ ಕೆಳಗೆ ತುರುಕಿ ಅದರ ಮೇಲೆ ಕುಳಿತಳು. ಇದನ್ನು ಹಾಕಿಕೊಂಡು ಬಂದಿದ್ದೀಯಾ, ಕಂಡರೆ ಕೊಲ್ಲುತ್ತಾರೆ ಎಂದು ಅವನ ತಲೆಯನ್ನು ತನ್ನ ಮಡಿಲಿಗೆ ಅದುಮಿಕೊಂಡಳು.

ನಾಲ್ವರೂ ಹೊರಗೆ ಬಂದರು. ದೌಲತರಾಯ ಖಾಕಿ ಅಂಗಿಯ ಗುಂಡಿ ಬಿಚ್ಚತೊಡಗಿದ. ಬಿಚ್ಚಿ, ಬರೀ ಬನಿಯನ್ನಿನಲ್ಲಿ ನಿಂತುಕೊಂಡ. ಅಂಗಿಯನ್ನು ಎಲ್ಲಿಡುವುದು ತಿಳಿಯಲಿಲ್ಲ. ಒಳಗಿನಿಂದ ಅಳು ಕೇಳಿಸಿದ್ದರೆ ಚೆನ್ನಾಗಿತ್ತು, ಆದರೆ ಅವಳು ಅಳಲಿಲ್ಲ. ಬಹಳ ಹೊತ್ತಿನ ಮೇಲೆ ಶರಫುದ್ದೀನ ಹೊರಬಂದು, ನೀವು ಹೋಗಿರಿ, ನಾನು ಇಲ್ಲೇ ಇರುತ್ತೇನೆ ಎಂದ. ಮುಖಕ್ಕೆ ಮುಖ ಕೊಡಲಿಲ್ಲ. ಮರಳುವ ಬಸ್ಸಿನಲ್ಲಿ ಏಳು ಜನ ಏಳು ಸೀಟಿನಲ್ಲಿ ಕುಳಿತರು.

ಮೂರು ದಿನ ದೌಲತರಾಯ ಅಂಗಡಿಯ ಕಡೆ ಹಾಯಲಿಲ್ಲ. ಕಚೇರಿಗೆ ಸುತ್ತಿನ ದಾರಿ ಹಿಡಿದು ಹೋದ. ನಾಲ್ಕನೆಯ ದಿನ ಹೋಗಿ ನಿಂತಾಗ ಶರಫುದ್ದೀನ ಚಕ್ರದ ಕಡ್ಡಿ ಬಿಗಿಯುತ್ತಿದ್ದ. ಕೆಲಸ ನಿಲ್ಲಿಸದೆ, ವರದಿ ಒಪ್ಪಿಸುವವನಂತೆ ಹೇಳಿದ. ಖಾಲಾನ ಗಂಡ ಗುಡುಸಾಬ ಬಡಿಗೇರ. ಮದುವೆಯಾಗಿ ಎರಡು ವರ್ಷವಾಗಿತ್ತು. ಮಿಲಿಟರಿ ಬಂದು ನಲವತ್ತೆಂಟರ ಗದ್ದಲ ಮುಗಿಯಿತು ಅನ್ನುವಾಗ ಖಾಕಿ ತೊಟ್ಟ ನಾಲ್ಕು ಜನ ಆ ಖೋಲಿಗೇ ಬಂದು ಅವನನ್ನು ಕರೆದೊಯ್ದರು. ಯಾರ ಕಡೆಯವರೆಂದು ಇವತ್ತಿಗೂ ತಿಳಿದಿಲ್ಲ. ವಿಚಾರಿಸಿ ಕಳಿಸುತ್ತೇವೆ ಅಂದಿದ್ದರಂತೆ. ಅವನು ಮರಳಲಿಲ್ಲ. ಅವಳ ಹೊಟ್ಟೆಯಲ್ಲಿ ಮಗಳಿದ್ದಳು. ನೀನು ಒದ್ದ ಬಾಗಿಲು ಅವನ ಕೈಯಿಂದ ಮಾಡಿದ್ದು ಎಂದು ಶರಫುದ್ದೀನ ಕೊನೆಗೆ ಹೇಳಿ ಚಕ್ರವನ್ನು ತಿರುಗಿಸಿ ನೋಡಿದ.

ದೌಲತರಾಯ ಅಲ್ಲಿಂದ ಹೇಗೆ ಮನೆಗೆ ಬಂದನೋ. ಅವನನ್ನು ಕಾಡಿದ್ದು ಒದೆತವೊಂದೇ ಅಲ್ಲ. ತನ್ನ ಮನೆಯ ಬಂಡಿ, ಬಣವಿ, ಅಜ್ಜಿಯ ಒಲೆ ಎಲ್ಲವನ್ನೂ ಶರಫುದ್ದೀನನಿಗೆ ಎಷ್ಟು ಸಲ ಹೇಳಿದ್ದ. ಮೂವತ್ತು ವರ್ಷದ ಗೆಳೆತನದಲ್ಲಿ, ನಿಮ್ಮ ಮನೆಯಲ್ಲಿ ಏನಾಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಬೇಕೆಂದು ತೋಚಿಯೇ ಇರಲಿಲ್ಲ. ಊಟಕ್ಕೆ ಕುಳಿತಾಗ, ಕಚೇರಿಯಲ್ಲಿ ಯಾರೋ "ಸಾಹೇಬ್ರ" ಎಂದಾಗ, ಮೈ ಬೆಚ್ಚಗಾಗಿ ಕಿವಿ ಸುಡುತ್ತಿದ್ದವು.

ಮುಂದಿನ ಐತವಾರ ಧೋತರ ಉಟ್ಟು, ಬಿಳಿ ಅಂಗಿ ತೊಟ್ಟು ಒಬ್ಬನೇ ಕರಜಗಿಗೆ ಹೋದ. ಖೋಲಿಯ ಬಾಗಿಲನ್ನು ಹಗ್ಗದಿಂದ ಬಿಗಿದಿದ್ದರು. ಕರೀಮುನ್ನಿಸಾ ಅಂಗಳದಲ್ಲಿ ಹೆಸರುಕಾಯಿ ಬಡಿಯುತ್ತಿದ್ದಳು. ಶರಫುವಿನ ಗೆಳೆಯ ಎಂದು ಹೇಳಿಕೊಂಡದ್ದೇ ಚಾಪೆ ಹಾಸಿದಳು, ಯಾರ ಮಗ, ಮಕ್ಕಳೆಷ್ಟು ಎಂದು ವಿಚಾರಿಸಿದಳು, ಚಹಾ ಕಾಯಿಸಿ ತಂದಳು. ಪ್ರತಿಯೊಂದು ಉಪಚಾರವೂ ಅವನಿಗೆ ಪೆಟ್ಟಿನಂತೆ ಬೀಳುತ್ತಿತ್ತು. ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದೇ ಹೇಳಿದ.

"ಖಾಲಾ, ಅವತ್ತು ಬಾಗಲಾ ಒದ್ದಾವ ನಾನs ರಿ."

ಅವಳು ಬಡಿಗೆಯನ್ನು ಪಕ್ಕಕ್ಕಿಟ್ಟಳು. "ಬಂದು ಮಾತಾಡಿದ ಕೂಡಲೇ ದನಿ ಗೊತ್ತಾತಪಾ. ನೀನs ಹೇಳ್ತೀಯೋ ಇಲ್ಲೋ ಅಂತ ಸುಮ್ನಿದ್ದೆ. ಚಹಾ ಕುಡಿ."

ಅವನು ಕುಡಿಯಲಿಲ್ಲ. ಅವಳು, ಶರಫು ಆಟ ಅನ್ನುತ್ತಾನೆ, ಅದು ಏನು ಆಟ, ತನಗೆ ತಿಳಿಯುವಂತೆ ಹೇಳು ಎಂದಳು. ಕುಚೋದ್ಯವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. ಅವನು ಹೇಳಿದ: ಪಂಪಿನ ಬಂದೂಕು, ಬಟಾಣಿ, ಎರಡು ಪಕ್ಷ, ವಾರಕ್ಕೊಂದು ಕಥೆ. ಗಣಿಯಲ್ಲಿ ಅಷ್ಟು ಸೊಗಸಾಗಿದ್ದ ಒಂದೊಂದು ಮಾತೂ ಈ ಅಂಗಳದಲ್ಲಿ ಬಾಯಿಂದ ಹೊರಬೀಳುತ್ತಲೇ ಹೊಲಸಾಗುತ್ತಿತ್ತು. ಅವತ್ತಿನ ಕಥೆ ಯಾವುದು ಎಂದು ಅವಳು ಕೇಳಿದಾಗ ಅದನ್ನೂ ಹೇಳಿದ, ಶರಫುವನ್ನು ಆ ಕಡೆಗೆ ಹಾಕಿದವನು ತಾನೇ ಎಂಬುದನ್ನೂ ಯಾಕೆ ಹಾಕಿದೆನೆಂಬುದನ್ನೂ ಹೇಳಿದ. ತಲೆ ಎತ್ತಲಾಗಲಿಲ್ಲ.

"ಸೋತಾವರನ್ನ ಏನ ಮಾಡ್ತೀರಿ?"

"ಏನೂ ಇಲ್ರಿ. ಬದೂನ ಮ್ಯಾಲ ಕುಂಡ್ರತಾರ. ಆಟ ಮುಗದ ಮ್ಯಾಲ ಎಲ್ಲಾರೂ ಕೂಡಿ ರೊಟ್ಟಿ ತಿಂದು ಮನೀಗಿ ಹೋಗ್ತೇವ್ರಿ."

"ಎಲ್ಲಾರೂ ಮನೀಗಿ ಹೋಗ್ತಾರ?"

"ಹೌದ್ರಿ."

ಅವಳು ಬಡಿಗೆಯನ್ನು ಮತ್ತೆ ಕೈಗೆ ತೆಗೆದುಕೊಂಡಳು. ಬೈಯಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಬಾಗಿಲಿಗೆ ಅಫಜಲಪುರದಿಂದ ಬಡಿಗೇರನನ್ನು ಕಳಿಸುತ್ತೇನೆ ಎಂದು ಅವನು ಅಂದಾಗ ಮಾತ್ರ, ಬೇಡ, ಅದಕ್ಕೆ ಬೇರೆಯವರ ಕೈ ತಾಗಿಲ್ಲ, ಹಗ್ಗ ಸಾಕು ಎಂದಳು. ಅವನು ಕಾಲು ಮುಟ್ಟಲು ಬಗ್ಗಿದರೆ ಕಾಲು ಹಿಂದೆ ಎಳೆದುಕೊಂಡಳು.

ಬಸ್ಸಿನ ಹಾದಿಯ ಬೇವಿನ ಕೆಳಗೆ ನಿಂತಿದ್ದಾಗ ಅಫಜಲಪುರದ ಕಡೆಯಿಂದ ಬಂದ ಬಸ್ಸಿನಿಂದ ಶರಫುದ್ದೀನ ಇಳಿದ. ಕೈಯಲ್ಲಿ ಖಾಲಾನ ಔಷಧಿಯ ಶೀಸೆ. ದೌಲತರಾಯನನ್ನು ಕಂಡು ನಿಂತ, ಅವನ ಧೋತರ ನೋಡಿದ, ಹೋಗಿದ್ದೆಯಾ ಎಂದು ಕೇಳಿದ. ಹೋಗಿದ್ದೆ, ಎಲ್ಲಾ ಹೇಳಿದೆ ಎಂದ ದೌಲತರಾಯ.

ಶರಫುದ್ದೀನ ಶೀಸೆಯನ್ನು ಕೈಯಿಂದ ಕೈಗೆ ಬದಲಿಸಿದ.

"ನನ್ನ ಪಾಲಿಂದು ನಾ ಇನ್ನೂ ಆಕಿಗಿ ಹೇಳಿಲ್ಲೋ" ಎಂದ. "ನನಗ ಎಲ್ಲಾ ಗೊತ್ತಿತ್ತು. ಆಕಿ ಮಡ್ಲಾಗ ಬೆಳದಾವ ನಾ. ಬ್ಯಾಡ ಅಂದ್ರ, ಇವನೂ ರಜಾಕಾರರ ಕಡ್ಯಾವ ಅದಾನ ಅಂತೀರಿ ಅಂತ ಅಂಜಿದೆ. ಆ ಟೋಪಿ ದರ್ಜಿ ಹಂತ್ಯಾಕ ಕುಂತು ಹೊಲಿಸಿದಾವ ನಾನs. ಆಕಿ ಹೊಲಾನೂ ನಾನs ತೋರಿಸಿದೆ. ಆಕಿ ನೀವು ನನಗ ಜುಲ್ಮಿ ಮಾಡಿ ಟೋಪಿ ಹಾಕಿಸೀರಿ ಅಂತ ತಿಳಕೊಂಡಾಳ. ದಿನಾ ಹೋಗ್ತೇನಿ, ದಿನಾ ಹೇಳದs ಹಂಗs ಬರ್ತೇನಿ."

ದೌಲತರಾಯನ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲು ಬಡಿದು ಕರೆದ. ಇವನು ಕೈ ಮಾಡಿ ಹೋಗಿ ಎಂದ. ಮುಂದಿನ ಬಸ್ಸು ಸಂಜೆಗೆ.

"ನಡಿ" ಎಂದು ಗೆಳೆಯನ ಕೈಯಿಂದ ಶೀಸೆ ತೆಗೆದುಕೊಂಡ. ಇಬ್ಬರೂ ಮಾತಿಲ್ಲದೆ ಕಬ್ಬಿನ ಬದುವಿನ ಮೇಲೆ, ಒಬ್ಬರ ಹಿಂದೆ ಒಬ್ಬರು, ಮತ್ತೆ ಖೋಲಿಯ ಕಡೆ ನಡೆದರು.